ತಲೆಗೆ 5 ಡಾಲರ್: ಸುಲ್ತಾನಾ ಮುಳುಗಿದ ಕಥೆ

ಇವತ್ತು ಅಮೆರಿಕದ ಮಿಸಿಸಿಪ್ಪಿ ನದಿಗೆ ಹೋಗೋಣ. 1865ರ ಏಪ್ರಿಲ್, ಅಂತರ್ಯುದ್ಧ ಮುಗೀತಾ ಇದೆ. ದಕ್ಷಿಣದವರ ಸೆರೆಯಲ್ಲಿ ಹಸಿದು ಎಲುಬಿನ ಗೂಡಾಗಿದ್ದ ಉತ್ತರದ ಸೈನಿಕರು ಬಿಡುಗಡೆಯಾಗಿ, ಮನೆಗೆ ಹೋಗೋಕೆ ವಿಕ್ಸ್‌ಬರ್ಗ್‌ನಲ್ಲಿ ಕಾಯ್ತಿದ್ದಾರೆ.

ಸರ್ಕಾರದ ರೇಟು ಹೀಗಿತ್ತು: ಒಬ್ಬ ಸೈನಿಕನನ್ನು ಸಾಗಿಸಿದರೆ 5 ಡಾಲರ್, ಅಧಿಕಾರಿಗೆ 10. ಕಾಮರ್ಸ್ ಓದಿದ ನನಗೆ ಈ ದುರಂತ ಶುರುವಾಗೋದೇ ಇಲ್ಲಿಂದ. ಸುಲ್ತಾನಾ ಅನ್ನೋ ಸ್ಟೀಮ್‌ಬೋಟ್‌ನ ಮಿತಿ 376 ಜನ. ಹತ್ತಿದ್ದು 2,000ಕ್ಕೂ ಹೆಚ್ಚು. ಬಾಯ್ಲರ್ ಬೇರೆ ಸೋರುತ್ತಿತ್ತು. ಮೆಕ್ಯಾನಿಕ್ ದೊಡ್ಡ ರಿಪೇರಿನೇ ಬೇಕು ಅಂದ. ಅದಕ್ಕೆ ದಿನಗಟ್ಟಲೆ ನಿಲ್ಲಬೇಕು, ಅಷ್ಟರಲ್ಲಿ ಸೈನಿಕರು ಬೇರೆ ಹಡಗು ಹತ್ತಿಬಿಡ್ತಾರೆ. ಕ್ಯಾಪ್ಟನ್ ಮೇಸನ್ ತೇಪೆ ಹಾಕಿಸಿ ಹೊರಟ.

ಏಪ್ರಿಲ್ 27, ರಾತ್ರಿ ಸುಮಾರು 2 ಗಂಟೆ. ಮೆಂಫಿಸ್ ದಾಟಿ ಕೆಲವೇ ಮೈಲಿ ಹೋಗಿದ್ದರು, ಬಾಯ್ಲರ್‌ಗಳು ಸಿಡಿದವು. ಬೆಂಕಿಯಿಂದ ತಪ್ಪಿಸಿಕೊಂಡವರು ಉಕ್ಕಿ ಹರೀತಿದ್ದ ತಣ್ಣನೆಯ ನದಿಗೆ ಹಾರಿದರು. ಈಜೋಕೆ ಮೈಯಲ್ಲಿ ಶಕ್ತಿಯೇ ಇರಲಿಲ್ಲ. ಸತ್ತವರು 1,100ಕ್ಕೂ ಹೆಚ್ಚು. ಕೆಲವು ಲೆಕ್ಕಗಳಲ್ಲಿ 1,800.

ಟೈಟಾನಿಕ್ ಎಲ್ಲರಿಗೂ ಗೊತ್ತು, ಇದ್ಯಾಕೆ ಗೊತ್ತಿಲ್ಲ? ಲಿಂಕನ್ ಹತ್ಯೆಯಾಗಿ ಇನ್ನೂ ಎರಡು ವಾರ ಕಳೆದಿರಲಿಲ್ಲ. ಹಂತಕ ಬೂತ್ ಸತ್ತಿದ್ದು ಹಿಂದಿನ ದಿನ. ಪತ್ರಿಕೆಗಳ ಗಮನವೆಲ್ಲ ಅಲ್ಲೇ.

ಮೇಸನ್ ಕೂಡ ಬದುಕಲಿಲ್ಲ. ಒಬ್ಬ ಸೇನಾಧಿಕಾರಿಯನ್ನು ತಪ್ಪಿತಸ್ಥ ಅಂದರು, ಆಮೇಲೆ ಆ ತೀರ್ಪೂ ರದ್ದಾಯ್ತು. ಕೊನೆಗೆ ಶಿಕ್ಷೆ ಯಾರಿಗೂ ಇಲ್ಲ.

ಬಾಯ್ಲರ್ ಯಾಕೆ ಸಿಡೀತು ಅನ್ನೋ ಚರ್ಚೆ ಇನ್ನೂ ಇದೆ. 376 ಜನರ ಜಾಗಕ್ಕೆ 2,000 ಜನ ಯಾಕೆ ಬಂದರು ಅನ್ನೋದಕ್ಕೆ ಚರ್ಚೆ ಬೇಡ, ಆ ರೇಟು ನೋಡಿದರೆ ಸಾಕು.