ಸೆರಗಿನ ಗಂಟಿನ ಕಾಯಿನ್ನು

ಹುಬ್ಬಳ್ಳಿ ಸ್ಟೇಶನ್ನಿನ ತೂಕದ ಮಷಿನ್ ನಿಮಗ ನೆನಪದ ಏನ್ರೀ ಅಕ್ಕಾರ? ರೂಪಾಯಿ ಹಾಕಿದ್ರ ಬಣ್ಣದ ಬಲ್ಬ್ ಮಿಣಮಿಣ ಹತ್ತಿ, ಟಕ್ ಅಂತ ರಟ್ಟಿನ ಚೀಟಿ ಬೀಳ್ತಿತ್ತು. ಒಂದು ಮಗ್ಗಲ ತೂಕ, ಇನ್ನೊಂದು ಮಗ್ಗಲ ಭವಿಷ್ಯ. ನಮ್ಮವ್ವ ಭವಿಷ್ಯ ಎಲ್ಲಾರಿಗೂ ಓದಿ ಹೇಳಾಕಿ, ತೂಕ ಮಾತ್ರ ಯಾರಿಗೂ ತೋರಸ್ತಿರಲಿಲ್ಲ.

ಆಮ್ಯಾಲ ಕಿರಾಣಿ ಅಂಗಡಿ ಮುಂದ ಕಾಯಿನ್ ಫೋನ್ ಬಂತು. ಮದುವಿಯಾದ ಹೊಸತರಾಗ ಹಾಲಿನ ಚಿಲ್ಲರ್ಯಾಗ ಒಂದೊಂದು ರೂಪಾಯಿ ಉಳಿಸಿ ತವರಮನಿಗೆ ಫೋನ್ ಹಚ್ಚತಿದ್ದೆ. ಕುಂಯ್ ಅಂದ ಕೂಡ್ಲೆ ಇನ್ನೊಂದು ಹಾಕಬೇಕು. ಮನ್ಯಾಗಿನ ಫೋನಿನ್ಯಾಗ ಆಡಲಾರದ ಮಾತು ಅಲ್ಲೇ ಆಡತಿದ್ದೆ. ಮೊಬೈಲ್ ಬಂದು ಅದೂ ಹೋತು. 2011ರ ಜೂನ್ 30ಕ್ಕ ಚಾರಾಣೆ ನಾಣ್ಯನೂ ಬಂದಾತು. ಅದಕ್ಕ ಯಾರೂ ಅಳಲಿಲ್ಲ ಬಿಡ್ರಿ.

ನಾ ಹೇಳಬೇಕಂದಿದ್ದು ನೀರಿನ ಕಥಿ. ನಮ್ಮ ಗದಗ ಸೀಮಿ ಬೋರಿನ ನೀರಿನ್ಯಾಗ ಫ್ಲೋರೈಡ್ ಭಾಳ. ಹಲ್ಲಿಗೆ ಕಲಿ, ಮೊಣಕಾಲಿಗೆ ನೋವು. 2013ರ ನಂತರ ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಮಂತ್ರಿ ಇದ್ದಾಗ ಊರೂರಿಗೆ ಶುದ್ಧ ನೀರಿನ ಘಟಕ ಬಂದುವು. ನಮ್ಮೂರಾಗ ಮೊದಲ 2 ರೂಪಾಯಿಗೆ 20 ಲೀಟರ್, ಆಮ್ಯಾಲ 5 ರೂಪಾಯಿ. ಅತ್ತಿ ಸೆರಗಿನ ಗಂಟು ಬಿಚ್ಚಿ ಕಾಯಿನ್ ಹಾಕೋರು, ಕ್ಯಾನ್ ತುಂಬೋದು. ಕಾಯಿನ್ ಖರೇದೋ ಖೊಟ್ಟಿದೋ ಅಷ್ಟ ಮಷಿನ್ ನೋಡ್ತಿತ್ತು. ಹಾಕಿದಾಕಿ ಯಾರು ಅಂತ ಕೇಳ್ತಿರಲಿಲ್ಲ.

ಹೋದ ವರ್ಷ ಕಾಯಿನ್ ಸಿಗಿಬೀಳ್ತಾವ, ಪೆಟಗಿ ಒಡೀತಾರ ಅಂತ ಕಿಂಡಿಗೆ ಟೇಪ್ ಹಚ್ಚಿ ಕ್ಯೂಆರ್ ಅಂಟಿಸಿದ್ರು. ನಡಸೋರಿಗೆ ಅನುಕೂಲ ಖರೆ. ನನಗೂ ಚಿಲ್ಲರ ಹುಡುಕೋದು ತಪ್ಪಿತು. 2016ರಾಗ ಯುಪಿಐ ಬಂದಾಗ ಹೆದರಿದಾಕಿ ನಾನು, ಈಗ ಕೊತ್ತಂಬರಿ ಸೂಡಿಗೂ ಸ್ಕ್ಯಾನ್ ಮಾಡ್ತೀನಿ. ಅತ್ತಿ ಏನ್ ಮಾಡಬೇಕು? ಸಾದಾ ಫೋನಿಗೂ 2022ರಾಗ ಯುಪಿಐ 123ಪೇ ಬಂದದ, ಆದ್ರ ಬ್ಯಾಂಕಿನ ಖಾತೆಗೆ ಅದೇ ನಂಬರ್ ಜೋಡಿಸಿರಬೇಕು. ಅತ್ತಿ ಖಾತೆಗೆ ಜೋಡಿಸಿದ್ದು ಮಗನ ನಂಬರ್. ಪಿಂಚಣಿ ಬಂದ ಮೆಸೇಜ್ ಸುದ್ದಾ ನಮ್ಮ ಮನಿಯವರ ಕಿಸೆದಾಗ ಕುಂಯ್ ಅಂತದ.

ಮೊನ್ನೆ ನೋಡ್ತೀನಿ, ಅತ್ತಿ ಖಾಲಿ ಕ್ಯಾನ್ ಇಟಗೊಂಡು ಘಟಕದ ಕಟ್ಟಿ ಮ್ಯಾಲ ಕುಂತಾರ. ಮಗ್ಗಲ ಮನಿ ಹುಡುಗಿ ಬಂದು ಸ್ಕ್ಯಾನ್ ಮಾಡಿದ್ಲು. ಅತ್ತಿ ಗಂಟು ಬಿಚ್ಚಿ 5ರ ಕಾಯಿನ್ ಅಕಿ ಕೈಯಾಗ ಇಟ್ರು.

“ಬ್ಯಾಡ ಬಿಡ್ರಿ ಆಯಿ.”

“ಹಿಡಿ ತಂಗಿ. ದಿನಾ ಯಾರರ ಕೊಡಸ್ತಾರಂತ ಕಾಯ್ಕೋತ ಕೂಡ್ಲೇನು?”

ಕ್ಯೂಆರ್ ಇರವಲ್ದ್ಯಾಕ, ಕಿಂಡಿ ಟೇಪ್ ಮಾತ್ರ ತಗೀರಿ ಅಂತ ಪಂಚಾಯ್ತಿಗೆ ಅರ್ಜಿ ಬರದೀನಿ. ನಮ್ಮ ಓಣ್ಯಾಗ ಇನ್ನೂ ಸಹಿ ಮಾಡಲಾರದವರು ಸಂಜೀಕ ಮನಿಗೆ ಬರ್ರಿ, ಚಾ ಇಡ್ತೀನಿ.