ಲೆಕ್ಕದ ಗುಳಿಗೆ

ಎಡಿಎಚ್‌ಡಿ ಅನ್ನೋ ಪದ ಈಗ ಟೆಕ್ ಪಾರ್ಕ್ ಎದುರಿನ ಟೀ ಅಂಗಡಿಗೂ ಬಂದಿದೆ. ಮೀಟಿಂಗಲ್ಲಿ ಗಮನ ಎಲ್ಲೋ ಹಾರಿದ್ರೆ ‘ನಂಗೆ ಎಡಿಎಚ್‌ಡಿ ಇರ್ಬೇಕು ಗುರೂ’ ಅಂತ ನಕ್ಕು ಮುಗಿಸ್ತೀವಿ. ನಿಜವಾಗಿ ಅದಿರೋರ ಪಾಡು ಬೇರೆ. ಖಾತೆಯಲ್ಲಿ ದುಡ್ಡಿದ್ದೂ ಬಿಲ್ ಕಟ್ಟೋದು ಮರೆತು ಕರೆಂಟ್ ಕಳೆದುಕೊಳ್ಳೋದು, ಕೈಗೆತ್ತಿಕೊಂಡ ಕೆಲಸ ಯಾವುದೂ ಮುಗಿಯದೆ ಕಂಪನಿಯಿಂದ ಕಂಪನಿಗೆ ಅಲೆಯೋದು. ಇಂಥ ದೊಡ್ಡವರನ್ನ ವೈದ್ಯರು ಗುರುತಿಸೋಕೆ ಶುರು ಮಾಡಿದ್ದು ತೀರಾ ಈಚೆಗೆ. ಅಲ್ಲಿವರೆಗೆ ಇದು ಮಕ್ಕಳ ಸಮಸ್ಯೆ, ಬೆಳೆದಂತೆ ತಾನೇ ಹೋಗುತ್ತೆ ಅನ್ನೋದೇ ಶಾಸ್ತ್ರ.

1798ರಲ್ಲೇ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್, ಒಂದು ವಿಷಯದ ಮೇಲೆ ಗಮನ ನಿಲ್ಲಿಸಲಾಗದವರ ಬಗ್ಗೆ ಬರೆದಿದ್ದರು. ವಯಸ್ಸಾದಂತೆ ಇದು ಸಾಮಾನ್ಯವಾಗಿ ಕಡಿಮೆಯಾಗುತ್ತೆ ಅಂತಾನೂ ಸೇರಿಸಿದ್ದರು. ಮುಂದಿನವರು ಅವರ ಪುಸ್ತಕ ಓದಿದ್ರೋ ಇಲ್ವೋ, ಆ ನಂಬಿಕೆ ಮಾತ್ರ ಉಳಿದುಕೊಳ್ತು. 1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ 43 ಮಕ್ಕಳ ವಿವರ ಕೊಟ್ಟು, ಇವರಿಗೆ ‘ನೈತಿಕ ನಿಯಂತ್ರಣ’ದ ಕೊರತೆ ಅಂದರು. ನೈತಿಕ ಅಂತೆ! ನಮ್ಮೂರ ಮೇಷ್ಟ್ರು ಇದನ್ನೇ ‘ಕೊಬ್ಬು’ ಅಂತಿದ್ರು, ಕೈಲಿ ಬೆತ್ತ ಹಿಡ್ಕೊಂಡು.

ಔಷಧ ಸಿಕ್ಕಿದ್ದು ಅಕಸ್ಮಾತ್ತಾಗಿ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಮಾನಸಿಕ ತೊಂದರೆಯ ಮಕ್ಕಳಿಗಾಗಿ ಒಂದು ಆಸ್ಪತ್ರೆ. ಮೆದುಳಿನ ಎಕ್ಸ್‌ರೇ ತೆಗೆಯೋಕೆ ಆಗ ಬೆನ್ನುಹುರಿಯ ದ್ರವ ಹೊರಗೆಳೆಯಬೇಕಿತ್ತು, ಆಮೇಲೆ ಮಕ್ಕಳಿಗೆ ಭಯಂಕರ ತಲೆನೋವು. ಅದಕ್ಕೆ ಅಂತ ಚಾರ್ಲ್ಸ್ ಬ್ರಾಡ್ಲಿ ಬೆಂಜೆಡ್ರಿನ್ ಕೊಟ್ಟು ನೋಡಿದರು. ಅದು ಆಂಫೆಟಮಿನ್, ಚುರುಕು ಏರಿಸೋ ಮದ್ದು. ತಲೆನೋವು ಅಷ್ಟೇನೂ ಇಳಿಯಲಿಲ್ಲ. ಆದರೆ ಗಲಾಟೆ ಮಾಡ್ತಿದ್ದ ಹುಡುಗರು ಸುಮ್ಮನೆ ಕೂತು ಲೆಕ್ಕ ಬಿಡಿಸತೊಡಗಿದರು! 1937ರಲ್ಲಿ ಬ್ರಾಡ್ಲಿ ಪ್ರಕಟಿಸಿದ ವರದಿ ಪ್ರಕಾರ 30 ಮಕ್ಕಳಲ್ಲಿ 14 ಮಂದಿ ಓದಿನಲ್ಲಿ ಎದ್ದು ಕಾಣುವಷ್ಟು ಸುಧಾರಿಸಿದ್ದರು. ಮಕ್ಕಳೇ ಅದಕ್ಕೆ ಲೆಕ್ಕದ ಗುಳಿಗೆ ಅಂತ ಹೆಸರಿಟ್ಟರು.

1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೊ ಪನಿಜೋನ್ ಮೀಥೈಲ್‌ಫೆನಿಡೇಟ್ ತಯಾರಿಸಿದರು. ಹೆಂಡತಿ ರೀಟಾ ಹೆಸರಿಂದ ಅದು ‘ರಿಟಾಲಿನ್’ ಆಯ್ತು. ಇಂದಿಗೂ ಮುಖ್ಯ ಔಷಧ ಇದೇ. ಭಾರತದಲ್ಲಿ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರೋದ್ರಿಂದ ಡಾಕ್ಟರ್ ಚೀಟಿ ಇಲ್ಲದೆ ಸಿಗಲ್ಲ. ಬಿಪಿ, ಹೃದಯದ ತೊಂದರೆ ಇರೋರಿಗೆ ಯೋಚನೆ ಮಾಡೇ ಕೊಡಬೇಕು. ಅಮೆರಿಕದ ಗೆಳೆಯರು ನುಂಗೋ ಆಡರಾಲ್ ಅಂತೂ ಇಲ್ಲಿ ಮಾರಾಟಕ್ಕೇ ಇಲ್ಲ.

ಇಷ್ಟೆಲ್ಲ ಆದರೂ ದೊಡ್ಡವರು ಲೆಕ್ಕಕ್ಕಿಲ್ಲ. 1968ರ ಅಮೆರಿಕನ್ ಮನೋವೈದ್ಯರ ಕೈಪಿಡಿ ಕೂಡ, ಹರೆಯಕ್ಕೆ ಬರುವಾಗ ಇದು ತಗ್ಗುತ್ತೆ ಅಂತಲೇ ಹೇಳಿತು. ಯೂಟಾದ ಪಾಲ್ ವೆಂಡರ್ ಮತ್ತು ಸಂಗಡಿಗರು ಮಾತ್ರ ಮಗುವಿನ ಪಕ್ಕದ ಕುರ್ಚಿಯನ್ನೂ ನೋಡಿದರು. ಚಿಕಿತ್ಸೆಗೆ ಕರೆತಂದ ಅಪ್ಪ-ಅಮ್ಮಂದಿರಲ್ಲೇ ಎಷ್ಟೋ ಜನಕ್ಕೆ ಅದೇ ಚಡಪಡಿಕೆ, ಅದೇ ಮರೆವು. 1976ರಲ್ಲಿ 15 ವಯಸ್ಕರ ಅಧ್ಯಯನ ಪ್ರಕಟವಾಯ್ತು. ಅವರ ಬಾಲ್ಯ ಹೇಗಿತ್ತು ಅಂತ ಹೆತ್ತವರನ್ನ ಕೇಳಿ ಖಚಿತ ಮಾಡಿಕೊಂಡಿದ್ದರು. ಮೀಥೈಲ್‌ಫೆನಿಡೇಟ್ ಪರೀಕ್ಷಿಸಿದ 11 ಮಂದಿಯಲ್ಲಿ 8 ಜನಕ್ಕೆ ಗುಣ ಕಾಣಿಸಿತು. 1980ರ ಕೈಪಿಡಿಯಲ್ಲಿ ದೊಡ್ಡವರಿಗೂ ಜಾಗ ಸಿಕ್ತು, ಆದರೆ ‘ಉಳಿಕೆ’ ಅನ್ನೋ ಹಣೆಪಟ್ಟಿಯಲ್ಲಿ. ನಮ್ಮ ಲೆಗಸಿ ಕೋಡ್ ಥರ. 2013ರಲ್ಲಷ್ಟೇ ನಿಯಮ ಸಡಿಲವಾಯ್ತು: ಲಕ್ಷಣಗಳು 7 ಅಲ್ಲ, 12 ವರ್ಷದೊಳಗೆ ಕಾಣಿಸಿರಬೇಕು, 17 ದಾಟಿದವರಿಗೆ ಆರರ ಬದಲು ಐದು ಸಾಕು.

ರಕ್ತಪರೀಕ್ಷೆಯಿಂದ, ಸ್ಕ್ಯಾನಿಂದ ಇದು ಇವತ್ತಿಗೂ ಗೊತ್ತಾಗಲ್ಲ. ನಿದ್ದೆ, ಥೈರಾಯ್ಡ್, ಆತಂಕ, ಖಿನ್ನತೆ ಕಾರಣ ಅಲ್ಲ ಅಂತ ನೋಡಿಕೊಂಡು ವೈದ್ಯರು ಬಾಲ್ಯದ ಸಾಕ್ಷಿ ಕೇಳ್ತಾರೆ. ಕಾನ್ವೆಂಟಲ್ಲಿ ಓದಿದವರ ಹತ್ರ ಟೀಚರ್ ಬರೆದ ರಿಮಾರ್ಕ್ಸ್ ಇರುತ್ತೆ. ಹಳ್ಳಿ ಶಾಲೆಯ ನಮ್ಮ ಮಾರ್ಕ್ಸ್ ಕಾರ್ಡಲ್ಲಿ ಬರೀ ಅಂಕ. ಉಳಿದಿರೋ ಸಾಕ್ಷಿ ಅಂದ್ರೆ ಅಮ್ಮ. ಕೇಳಿದ್ರೆ ‘ಥೇಟ್ ಅವರಪ್ಪನ ಹಾಗೆ’ ಅಂದುಬಿಡ್ತಾರೆ. ಡಾಕ್ಟರ ಹತ್ರ ಆ ಮಾತನ್ನೂ ಬಿಡದೆ ಹೇಳಿ, ಬರ್ಕೊಳ್ತಾರೆ.