ಹಳ್ಳಿಯ ಕೊರಳು, ಪಟ್ಟಣದ ಕಿವಿ

ಗ್ರಾಮಗೀತವು ಪಟ್ಟಣವನ್ನು ಸೇರಿದೊಡನೆ ತನ್ನ ಸತ್ತ್ವವನ್ನು ನೀಗಿಕೊಳ್ಳುವುದೆಂದು ರಸಿಕರು ಮರುಗುವುದುಂಟು. ಈ ಮಾತು ಎಷ್ಟರಮಟ್ಟಿಗೆ ದಿಟವೆಂಬುದನ್ನು ಅಮೆರಿಕದ ಗಾಯಕಿ ಪ್ಯಾಟ್ಸಿ ಕ್ಲೈನಳ ಚರಿತ್ರೆಯನ್ನು ಮುಂದಿಟ್ಟುಕೊಂಡು ವಿಚಾರಿಸಬಹುದು.

ಈಕೆಯು 1932ರ ಸೆಪ್ಟೆಂಬರ್ 8ರಂದು ವರ್ಜೀನಿಯಾ ಸಂಸ್ಥಾನದ ವಿಂಚೆಸ್ಟರಿನಲ್ಲಿ ಜನಿಸಿದಳು. ತಂದೆಯು ಮನೆಯನ್ನು ತೊರೆದುಹೋದನು; ಮಗಳು ಶಾಲೆಯನ್ನು ಬಿಟ್ಟು ಅಂಗಡಿಯಲ್ಲಿ ದುಡಿಯಬೇಕಾಯಿತು. ‘ಕಂಟ್ರಿ’ ಎಂದು ಕರೆಯಲ್ಪಡುವ ನಾಡಹಾಡುಗಳನ್ನು ಹಾಡುವಾಗ ಆಕೆಯು ತೊಡುತ್ತಿದ್ದ ದನಗಾಹಿಗಳ ಉಡುಪು ತಾಯಿಯ ಕೈಹೊಲಿಗೆ. 1954ರಲ್ಲಿ ಫೋರ್ ಸ್ಟಾರ್ ಕಂಪನಿಯವರು ಆಕೆಯಿಂದ ಕರಾರು ಬರೆಯಿಸಿಕೊಂಡರು. ಅವರ ಹಕ್ಕಿಗೊಳಪಟ್ಟ ಹಾಡುಗಳನ್ನಲ್ಲದೆ ಬೇರೊಂದನ್ನು ಮುದ್ರಿಸುವ ಸ್ವಾತಂತ್ರ್ಯವು ಆಕೆಗಿರಲಿಲ್ಲ.

1957ರ ಜನವರಿ 21ರಂದು ಆರ್ಥರ್ ಗಾಡ್‌ಫ್ರೆಯವರ ಟೆಲಿವಿಷನ್ ಸ್ಪರ್ಧೆಯಲ್ಲಿ ಹಾಡುವ ಸಂದರ್ಭವೊದಗಿತು. ತಾಯಿಯು ಹೊಲಿದ ಉಡುಪು ಅಲ್ಲಿಯವರಿಗೆ ಒಪ್ಪಿಗೆಯಾಗಲಿಲ್ಲ. ನಗರದ ನಿಲುವಂಗಿಯನ್ನು ತೊಟ್ಟು, ತನಗೇ ಅಷ್ಟಾಗಿ ರುಚಿಸದಿದ್ದ ‘ವಾಕಿನ್ ಆಫ್ಟರ್ ಮಿಡ್‌ನೈಟ್’ ಎಂಬ ಹಾಡನ್ನು ಹಾಡಿ ಆಕೆಯು ಗೆದ್ದಳು. ಆ ಹಾಡು ಕಂಟ್ರಿ ಪಟ್ಟಿಯಲ್ಲಿ 2ನೆಯ, ನಗರದ ಜನಪ್ರಿಯ ಗೀತಗಳ ಪಟ್ಟಿಯಲ್ಲಿ 12ನೆಯ ಸ್ಥಾನವನ್ನು ಪಡೆಯಿತು.

ಇದೇ ಕಾಲದಲ್ಲಿ ರಾಕ್ ಅಂಡ್ ರೋಲ್ ಎಂಬ ಹೊಸ ಸಂಗೀತವು ತರುಣರನ್ನು ಸೆಳೆದುಕೊಂಡಿತು; ನಾಡಹಾಡಿನ ವ್ಯಾಪಾರವು ಕುಗ್ಗಿತು. ನ್ಯಾಶ್‌ವಿಲ್ಲಿನ ಸಂಗೀತ ನಿರ್ದೇಶಕರು ಇದಕ್ಕೊಂದು ಉಪಾಯವನ್ನು ಹೂಡಿದರು. ಹಳ್ಳಿಯ ಒಂಟಿ ಪಿಟೀಲೂ ಸ್ಟೀಲ್ ಗಿಟಾರೂ ಹಿಂದೆ ಸರಿದುವು. ಅನೇಕ ಪಿಟೀಲುಗಳ ಮೇಳವೂ ಹಿಮ್ಮೇಳದವರ ಮೃದುಗಾನವೂ ಮುಂದೆ ಬಂದುವು. 1960ರಲ್ಲಿ ಹಳೆಯ ಕರಾರಿನಿಂದ ಬಿಡುಗಡೆ ಹೊಂದಿದ ಕ್ಲೈನಳು ಡೆಕ್ಕಾ ಕಂಪನಿಯ ಓವೆನ್ ಬ್ರ್ಯಾಡ್ಲಿಯವರ ಕೈಯಲ್ಲಿ ಈ ಮಾರ್ಗವನ್ನು ಹಿಡಿದಳು. ಆದರೆ ವಾದಮಾಡದೆ ಒಪ್ಪಿಕೊಂಡವಳಲ್ಲ.

1961ರ ಜೂನ್ 14ರಂದು ಮೋಟಾರು ಅಪಘಾತದಲ್ಲಿ ಆಕೆಗೆ ಭಾರಿಯಾದ ಗಾಯಗಳಾದುವು. ಆಗಸ್ಟಿನಲ್ಲಿ ವಿಲ್ಲಿ ನೆಲ್ಸನ್ನರು ರಚಿಸಿದ ‘ಕ್ರೇಜಿ’ ಎಂಬ ಹಾಡನ್ನು ಮುದ್ರಿಸಲು ಹೋದಾಗ ಪಕ್ಕೆಲುಬಿನ ನೋವಿನಿಂದ ತಾರಸ್ವರಗಳು ಏಳಲಿಲ್ಲ; ವಾರಗಳನಂತರ ಮರಳಿ ಬಂದು ಹಾಡಿದಳು. ಜನಪ್ರಿಯ ಗೀತಗಳ ಪಟ್ಟಿಯಲ್ಲಿ ಅದು 9ನೆಯದಾಯಿತು.

1963ರ ಮಾರ್ಚ್ 5ರಂದು, ಮೃತನಾದ ರೇಡಿಯೋ ನಿರೂಪಕನೊಬ್ಬನ ಕುಟುಂಬದ ಸಹಾಯಾರ್ಥವಾಗಿ ಕ್ಯಾನ್ಸಸ್ ನಗರದಲ್ಲಿ ಹಾಡಿ ಮರಳುತ್ತಿದ್ದಾಗ, ಟೆನೆಸ್ಸಿಯ ಕ್ಯಾಮ್ಡೆನ್ ಬಳಿ ವಿಮಾನವುರುಳಿ ಆಕೆಯು ಮಡಿದಳು. ಆಗ ವಯಸ್ಸು 30. ಹತ್ತು ವರ್ಷಗಳ ತರುವಾಯ ಕಂಟ್ರಿ ಸಂಗೀತದ ಕೀರ್ತಿಮಂದಿರವು ಆಕೆಯನ್ನು ಸೇರಿಸಿಕೊಂಡಿತು; ಏಕಾಕಿಯಾಗಿ ಹಾಡುವ ಸ್ತ್ರೀಯರಲ್ಲಿ ಈ ಗೌರವವು ಮೊದಲು ಸಂದುದು ಈಕೆಗೆ.

ಪಟ್ಟಣವು ಆಕೆಯ ಉಡುಪನ್ನೂ ಮೇಳವನ್ನೂ ಬದಲಿಸಿದುದು ನಿಜ. ರಸಿಕರ ಮರುಕವು ಅಷ್ಟುಮಟ್ಟಿಗೆ ನ್ಯಾಯವೇ. ಆದರೆ ಸ್ವರದಿಂದ ಸ್ವರಕ್ಕೆ ಜಾರುವಾಗ ಕೊರಳು ಒಡೆದು ಬಿಕ್ಕಿದಂತಾಗುವ ಆ ಹಳ್ಳಿಯ ರೀತಿಯನ್ನು ಆಕೆಯು ಬಿಟ್ಟುಕೊಡಲಿಲ್ಲ. ಪಟ್ಟಣಿಗರು ಕಿವಿಗೊಟ್ಟುದು ಅದಕ್ಕೇ ಎಂದು ನಮಗೆ ತೋರುತ್ತದೆ.